ಚಾಂಪಿಯನ್ ಬೆಲ್ಟ್‌ಗೆ ಬೆಲೆ ಬರುವುದು ಎಲ್ಲಿಂದ?

2025ರ ಸೆಪ್ಟೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಅಮೆರಿಕದ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್ ಅವರು ಕನೆಲೊ ಅಲ್ವಾರೆಜ್ ಅವರನ್ನು ಸೋಲಿಸಿ 168 ಪೌಂಡ್ ತೂಕ ವಿಭಾಗದ ನಾಲ್ಕೂ ವಿಶ್ವ ಬೆಲ್ಟ್‌ಗಳನ್ನು ಗೆದ್ದರು. ಮೂರು ತಿಂಗಳು ತುಂಬುವ ಮೊದಲೇ ಅವುಗಳಲ್ಲಿ ಒಂದು ಅವರ ಕೈತಪ್ಪಿತು. ಈ ನಡುವೆ ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ, ಸೋಲುವ ಮಾತಂತೂ ದೂರ. ಕಟ್ಟಬೇಕಿದ್ದ ಮಾನ್ಯತಾ ಶುಲ್ಕ ಕಟ್ಟಿಲ್ಲವೆಂದು, ಆ ಬೆಲ್ಟ್‌ಗಳನ್ನು ಕೊಡುವ ನಾಲ್ಕು ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಸಿ (ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್) ತನ್ನ ಪಟ್ಟ ಕಿತ್ತುಕೊಂಡಿತು. ಸಂಸ್ಥೆಯೇ ಕೊಟ್ಟ ಲೆಕ್ಕ ಹೀಗಿತ್ತು: ಕ್ರಾಫರ್ಡ್ ಅವರಿಗೆ ಬಂದ ಪರ್ಸ್, ಅಂದರೆ ಪಂದ್ಯದ ಸಂಭಾವನೆ, ಸುಮಾರು 5 ಕೋಟಿ ಡಾಲರ್. ವಾಡಿಕೆಯ ಶೇ. 3ರ ಬದಲು ಶೇ. 0.6 ಕೊಟ್ಟರೆ ಸಾಕು ಎಂದು ಕೇಳಿದ್ದೆವು, ಅಂದರೆ 3 ಲಕ್ಷ ಡಾಲರ್. ಅದರಲ್ಲೂ ಮುಕ್ಕಾಲು ಪಾಲು ಕಷ್ಟದಲ್ಲಿರುವ ಬಾಕ್ಸರ್‌ಗಳ ನಿಧಿಗೆ ಹೋಗುತ್ತಿತ್ತು. ಉಳಿದ ಮೂರು ಸಂಸ್ಥೆಗಳಿಗೆ ಕಟ್ಟಿದ್ದೇನೆ, ಇವರಿಗೆ ಮಾತ್ರ ಹೆಚ್ಚು ಯಾಕೆ ಕೊಡಬೇಕು ಎಂಬುದು ಕ್ರಾಫರ್ಡ್ ಅವರ ವಾದ. ಅದೇ ಡಿಸೆಂಬರ್‌ನಲ್ಲಿ ಅವರು ಒಂದೂ ಸೋಲಿಲ್ಲದೆ ನಿವೃತ್ತಿ ಘೋಷಿಸಿದರು.

ಈ ಜಗಳದಲ್ಲಿ ಯಾರು ಸರಿ ಎಂಬುದಕ್ಕಿಂತ, ಇಂಥ ಜಗಳ ಹುಟ್ಟಲು ಸಾಧ್ಯವಾದದ್ದು ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ಕುಸ್ತಿ ಅಖಾಡದಲ್ಲಿ ಗೆದ್ದ ಗದೆಗೆ ಗೆದ್ದವನು ಪಂದ್ಯಪಂದ್ಯಕ್ಕೂ ಬಾಡಿಗೆ ಕಟ್ಟುವುದಿಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಕಟ್ಟಬೇಕು. ಯಾಕೆಂದರೆ ಅಲ್ಲಿನ ಬೆಲ್ಟ್ ಬಹುಮಾನದ ರೂಪದಲ್ಲಿರುವ ಒಂದು ಕರಾರು. ಯಾರು ಯಾರೊಂದಿಗೆ ಎಷ್ಟು ತಿಂಗಳೊಳಗೆ ಆಡಬೇಕು, ಹಣ ಹೇಗೆ ಹಂಚಿಕೆಯಾಗಬೇಕು, ಯಾವ ದಿನ ಎಷ್ಟು ತೂಗಬೇಕು ಎಂಬುದನ್ನೆಲ್ಲ ಅದು ಕಟ್ಟಿಹಾಕುತ್ತದೆ. ಆ ಕರಾರನ್ನು ಜಾರಿ ಮಾಡಿಸುವ ಶಕ್ತಿ ಇದ್ದಷ್ಟು ದಿನ ಬೆಲ್ಟ್‌ಗೆ ಬೆಲೆ ಇರುತ್ತದೆ. ಶಕ್ತಿ ಹೋದಮೇಲೆ ಉಳಿಯುವುದು ಚರ್ಮ ಮತ್ತು ಲೋಹದ ತಗಡು.

ನಾಲ್ಕು ಸಂಸ್ಥೆಗಳು ಬಂದದ್ದು ಹೀಗೆ. 1921ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾಷನಲ್ ಬಾಕ್ಸಿಂಗ್ ಅಸೋಸಿಯೇಷನ್ 1962ರಲ್ಲಿ ಹೆಸರು ಬದಲಿಸಿಕೊಂಡು ಡಬ್ಲ್ಯುಬಿಎ ಆಯಿತು. ಮರುವರ್ಷ ಮೆಕ್ಸಿಕೊ ಸಿಟಿಯಲ್ಲಿ ಡಬ್ಲ್ಯುಬಿಸಿ ಹುಟ್ಟಿತು. 1983ರಲ್ಲಿ ನ್ಯೂಜೆರ್ಸಿಯ ಐಬಿಎಫ್, 1988ರಲ್ಲಿ ಪೋರ್ಟೊರಿಕೊದ ಡಬ್ಲ್ಯುಬಿಒ ಸೇರಿಕೊಂಡವು. ಇವು ಯಾವುವೂ ಸರ್ಕಾರದ ಅಂಗಗಳಲ್ಲ, ಫಿಫಾ ಥರದ ಏಕೈಕ ಒಕ್ಕೂಟಗಳೂ ಅಲ್ಲ. ಶುಲ್ಕದಿಂದ ನಡೆಯುವ ಖಾಸಗಿ ಸಂಸ್ಥೆಗಳು. ಪುರುಷರ ಬಾಕ್ಸಿಂಗ್‌ನಲ್ಲಿ ಸಾಂಪ್ರದಾಯಿಕವಾಗಿ 17 ತೂಕ ವಿಭಾಗಗಳಿವೆ. ನಾಲ್ಕು ಸಂಸ್ಥೆಗಳನ್ನೂ ಸೇರಿಸಿದರೆ 68 ಮುಖ್ಯ ಪಟ್ಟಗಳಾಗುತ್ತವೆ. 2020ರಲ್ಲಿ ಡಬ್ಲ್ಯುಬಿಸಿ ಕ್ರೂಸರ್‌ವೇಟ್ ಮತ್ತು ಹೆವಿವೇಟ್ ನಡುವೆ ಬ್ರಿಡ್ಜರ್‌ವೇಟ್ ಎಂಬ ಇನ್ನೊಂದು ವಿಭಾಗವನ್ನು ತೂರಿಸಿತು. ಹಂಗಾಮಿ, ಸಿಲ್ವರ್, ಇಂಟರ್‌ನ್ಯಾಷನಲ್, ಖಂಡಗಳ ಹೆಸರಿನ ಬೆಲ್ಟ್‌ಗಳು ಬೇರೆ. ಡಬ್ಲ್ಯುಬಿಎ ಒಂದೇ ತೂಕದಲ್ಲಿ ಸೂಪರ್, ರೆಗ್ಯುಲರ್, ಹಂಗಾಮಿ ಎಂದು ಮೂವರಿಗೆ ಪಟ್ಟ ಕಟ್ಟಿದ್ದುಂಟು. 2021ರ ಆಗಸ್ಟ್‌ನಲ್ಲಿ ಒಂದು ಪಂದ್ಯದ ತೀರ್ಪಿನ ಬಗ್ಗೆ ಭಾರೀ ಗಲಾಟೆಯಾದ ಮೇಲಷ್ಟೇ ಅದು ಹಂಗಾಮಿ ಪಟ್ಟಗಳನ್ನು ರದ್ದು ಮಾಡಲು ಮುಂದಾಯಿತು. ಪ್ರತಿ ಬೆಲ್ಟ್ ಹಿಂದೆಯೂ ಒಂದು ಶುಲ್ಕವಿದೆ. ಬೆಲ್ಟ್‌ಗಳು ಹೆಚ್ಚಿದಷ್ಟೂ ಆದಾಯ ಹೆಚ್ಚುತ್ತದೆ. ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗಿದ್ದರೂ ಬಾಕ್ಸರ್‌ಗಳು ಈ ಬೆಲ್ಟ್‌ಗಳ ಹಿಂದೆ ಬೀಳುವುದೇಕೆ? ಉತ್ತರ 'ಕಡ್ಡಾಯ ಸವಾಲುಗಾರ' ಎಂಬ ನಿಯಮದಲ್ಲಿದೆ. ಪ್ರತಿ ಸಂಸ್ಥೆಯೂ ತನ್ನ ಮೊದಲ 15 ಮಂದಿಯ ಶ್ರೇಯಾಂಕ ಇಟ್ಟುಕೊಂಡಿರುತ್ತದೆ. ಇಂತಿಷ್ಟು ತಿಂಗಳಿಗೊಮ್ಮೆ ಚಾಂಪಿಯನ್ ಆ ಪಟ್ಟಿಯ ಅಗ್ರ ಸವಾಲುಗಾರನ ಎದುರು ಇಳಿಯಲೇಬೇಕು. ಐಬಿಎಫ್‌ನಲ್ಲಿ ಈ ಗಡುವು 9 ತಿಂಗಳು. ಡಬ್ಲ್ಯುಬಿಸಿಯಲ್ಲಿ ಒಂದು ವರ್ಷ. ಸಂಸ್ಥೆ ಪಂದ್ಯಕ್ಕೆ ಆದೇಶ ಕೊಟ್ಟಮೇಲೆ ಎರಡೂ ಕಡೆಯ ಪ್ರೊಮೋಟರ್‌ಗಳಿಗೆ (ಪಂದ್ಯ ಏರ್ಪಡಿಸುವವರಿಗೆ) ಮಾತುಕತೆಗೆ ಕೆಲವು ವಾರ ಸಿಗುತ್ತದೆ. ಮುರಿದುಬಿದ್ದರೆ ಪರ್ಸ್ ಬಿಡ್ ನಡೆಯುತ್ತದೆ. ನೋಂದಾಯಿತ ಪ್ರೊಮೋಟರ್‌ಗಳು ಮೊಹರು ಮಾಡಿದ ಲಕೋಟೆಯಲ್ಲಿ ಮೊತ್ತ ಬರೆದುಕೊಡುತ್ತಾರೆ. ಹೆಚ್ಚು ಕೂಗಿದವರಿಗೆ ಪಂದ್ಯ ನಡೆಸುವ ಹಕ್ಕು. ಆ ಮೊತ್ತ ಇಬ್ಬರು ಬಾಕ್ಸರ್‌ಗಳ ನಡುವೆ ಮೊದಲೇ ಬರೆದಿಟ್ಟ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ.

ಡಬ್ಲ್ಯುಬಿಸಿ ಹೆವಿವೇಟ್ ಚಾಂಪಿಯನ್ ಆಗಿದ್ದ ಟೈಸನ್ ಫ್ಯೂರಿ ಮತ್ತು ಡಿಲಿಯನ್ ವೈಟ್ ಪಂದ್ಯವೇ ಇದರ ಅಚ್ಚುಕಟ್ಟು ಉದಾಹರಣೆ. ವೈಟ್ ಡಬ್ಲ್ಯುಬಿಸಿ ಪಟ್ಟಿಯ ಮೇಲ್ತುದಿಯಲ್ಲಿ ವರ್ಷಗಟ್ಟಲೆ ಕಾದಿದ್ದರು. 2022ರ ಜನವರಿಯಲ್ಲಿ ನಡೆದ ಪರ್ಸ್ ಬಿಡ್‌ನಲ್ಲಿ ಪ್ರೊಮೋಟರ್ ಫ್ರ್ಯಾಂಕ್ ವಾರೆನ್ 4,10,25,000 ಡಾಲರ್ ಕೂಗಿ ಗೆದ್ದರು. ಅದರಲ್ಲಿ ಶೇ. 10 ಗೆದ್ದವನಿಗೆ ಬೋನಸ್ ಎಂದು ಪಕ್ಕಕ್ಕಿಟ್ಟು, ಉಳಿದದ್ದನ್ನು 80ಕ್ಕೆ 20ರಂತೆ ಹಂಚಲಾಯಿತು. ಫ್ಯೂರಿಗೆ ಸುಮಾರು 2.95 ಕೋಟಿ, ವೈಟ್‌ಗೆ ಸುಮಾರು 73.8 ಲಕ್ಷ ಡಾಲರ್. ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ವೈಟ್ ಆರನೇ ಸುತ್ತಿನಲ್ಲಿ ಸೋತರು, ಆದರೆ ಆ ದುಡ್ಡು ಅವರದ್ದೇ. ಬೆಲ್ಟ್ ಎಂಬುದು ಇಲ್ಲದೆ ಹೋಗಿದ್ದರೆ ಫ್ಯೂರಿಯಂಥ ತಾರೆ ವೈಟ್‌ರನ್ನು ಎದುರಿಸಬೇಕಾದ ಒತ್ತಾಯವೇ ಇರುತ್ತಿರಲಿಲ್ಲ. ಬೆಲ್ಟ್‌ನ ನಿಜವಾದ ಫಲ ದಕ್ಕುವುದು ಅದನ್ನು ತೊಟ್ಟವನಿಗಿಂತ ಹೆಚ್ಚಾಗಿ, ಅದಕ್ಕಾಗಿ ಸರದಿಯಲ್ಲಿ ನಿಂತವನಿಗೆ. ಬೆಲ್ಟ್ ಬಗ್ಗೆ ಹಗುರವಾಗಿ ಮಾತಾಡುವವರು ಮರೆಯುವ ಸಂಗತಿ ಇದೇ.

ಕರಾರಿನ ಸಣ್ಣ ಅಕ್ಷರಗಳೂ ಮುಖ್ಯ. ಐಬಿಎಫ್ ಪಂದ್ಯದ ದಿನ ಬೆಳಗ್ಗೆ ಎರಡನೇ ಸಲ ತೂಕ ನೋಡುತ್ತದೆ. ಹೆವಿವೇಟ್ ಬಿಟ್ಟು ಉಳಿದ ವಿಭಾಗಗಳಲ್ಲಿ ಮಿತಿಗಿಂತ 10 ಪೌಂಡ್‌ಗಿಂತ ಹೆಚ್ಚು ಏರಿರಬಾರದು. ಹಿಂದಿನ ದಿನ ಮೈಯ ನೀರು ಬತ್ತಿಸಿ ತೂಕ ಇಳಿಸಿಕೊಂಡು, ರಾತ್ರಿ ಕುಡಿದು ತಿಂದು ಇಡೀ ಒಂದು ವಿಭಾಗದಷ್ಟು ಭಾರವಾಗಿ ರಿಂಗ್‌ಗೆ ಇಳಿಯುವ ಅಭ್ಯಾಸಕ್ಕೆ ಇದು ಕಡಿವಾಣ. 2017ರ ಮಾರ್ಚ್‌ನಲ್ಲಿ ಗೆನ್ನಡಿ ಗೊಲೊವ್ಕಿನ್ ವಿರುದ್ಧದ ಪಂದ್ಯದ ಬೆಳಗ್ಗೆ ಡೇನಿಯಲ್ ಜೇಕಬ್ಸ್ ಆ ತಕ್ಕಡಿ ಹತ್ತಲೇ ಇಲ್ಲ. ಹಾಗಾಗಿ ಗೆದ್ದಿದ್ದರೂ ಐಬಿಎಫ್ ಬೆಲ್ಟ್ ಅವರಿಗೆ ಸಿಗುತ್ತಿರಲಿಲ್ಲ. ಒಂದು ಬೆಲ್ಟ್ ಬಿಟ್ಟುಕೊಟ್ಟು ಮೈಯಲ್ಲಿ ಬಲ ಉಳಿಸಿಕೊಳ್ಳುವ ಲೆಕ್ಕ ಅದು. ಪಂದ್ಯ ಕೊನೆಯ ಸುತ್ತಿನವರೆಗೂ ಹೋಗಿ, ಅಂಕಗಳ ಮೇಲೆ ಸ್ವಲ್ಪದರಲ್ಲೇ ಸೋತರು.

ಇನ್ನು ತೊಂದರೆ ಎಲ್ಲಿದೆ ನೋಡೋಣ. ನಾಲ್ಕೂ ಬೆಲ್ಟ್ ಹಿಡಿದವನನ್ನು ಅವಿವಾದಿತ ಚಾಂಪಿಯನ್ ಎನ್ನುತ್ತಾರೆ. ಅವನ ತಲೆಯ ಮೇಲೆ ನಾಲ್ವರು ಕಡ್ಡಾಯ ಸವಾಲುಗಾರರು ಕೂತಿರುತ್ತಾರೆ. ಇಂದಿನ ದೊಡ್ಡ ಹೆಸರಿನ ಬಾಕ್ಸರ್ ವರ್ಷಕ್ಕೆ ಎರಡು ಪಂದ್ಯ ಆಡಿದರೆ ಹೆಚ್ಚು. ಸರದಿಯಂತೆ ನಾಲ್ವರನ್ನೂ ಮುಗಿಸಲು ಎರಡು ವರ್ಷ ಬೇಕು, ಗಡುವುಗಳೋ ಒಂಬತ್ತು ತಿಂಗಳು, ಹನ್ನೆರಡು ತಿಂಗಳು. ಜತೆಗೆ ಸೋತವನಿಗೆ ಮರುಪಂದ್ಯ ಕೊಡಬೇಕೆಂಬ ಖಾಸಗಿ ಒಪ್ಪಂದವೂ ಇದ್ದರೆ ಕಥೆ ಮುಗಿಯಿತು. 2024ರ ಮೇ 18ರಂದು ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್ ಫ್ಯೂರಿಯನ್ನು ಸೋಲಿಸಿ, 1999ರ ಲೆನಾಕ್ಸ್ ಲೂಯಿಸ್ ನಂತರದ ಮೊದಲ ಅವಿವಾದಿತ ಹೆವಿವೇಟ್ ಚಾಂಪಿಯನ್ ಆದರು. ಫ್ಯೂರಿ ಜತೆ ಮರುಪಂದ್ಯದ ಕರಾರಿತ್ತು, ಐಬಿಎಫ್ ತನ್ನ ಸವಾಲುಗಾರನನ್ನು ಮುಂದಿಟ್ಟಿತು. ಜೂನ್‌ನಲ್ಲೇ ಉಸಿಕ್ ಆ ಬೆಲ್ಟ್ ಬಿಟ್ಟುಕೊಟ್ಟರು. ಕಾಲು ಶತಮಾನ ಕಾದು ಒಂದಾದ ಪಟ್ಟ ತಿಂಗಳೊಪ್ಪತ್ತಿನಲ್ಲಿ ಒಡೆಯಿತು. 2025ರ ಜುಲೈನಲ್ಲಿ ವೆಂಬ್ಲಿಯಲ್ಲಿ ಡೇನಿಯಲ್ ಡುಬುವಾ ಅವರನ್ನು ಐದನೇ ಸುತ್ತಿನಲ್ಲಿ ಕೆಡವಿ ಉಸಿಕ್ ಮತ್ತೆ ನಾಲ್ಕನ್ನೂ ಒಟ್ಟುಮಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಡಬ್ಲ್ಯುಬಿಒ ಬೆಲ್ಟನ್ನೂ ಬಿಟ್ಟರು. ಕ್ರಾಫರ್ಡ್ ಮೂರು ತೂಕ ವಿಭಾಗಗಳಲ್ಲಿ ಅವಿವಾದಿತ ಚಾಂಪಿಯನ್ ಆದವರು, ಮೂರು ಸಲವೂ ಇದೇ ಆಯಿತು. 2017ರ ಆಗಸ್ಟ್‌ನಲ್ಲಿ ನಾಲ್ಕು ಬೆಲ್ಟ್ ಸೇರಿಸಿದ ಎರಡು ವಾರದೊಳಗೆ ಐಬಿಎಫ್ ಪಟ್ಟ ಬಿಟ್ಟರು. 2023ರಲ್ಲಿ ಎರಾಲ್ ಸ್ಪೆನ್ಸ್‌ರನ್ನು ಗೆದ್ದ ಕೆಲವೇ ತಿಂಗಳಲ್ಲಿ ಅದೇ ಸಂಸ್ಥೆ ಕಿತ್ತುಕೊಂಡಿತು. ಮೂರನೆಯದು ಮೇಲೆ ಹೇಳಿದ ಡಬ್ಲ್ಯುಬಿಸಿ ಪ್ರಕರಣ.

ಇದು ವಿಧಿಬರಹವೇನಲ್ಲ. ಜಪಾನಿನ ನವೋಯಾ ಇನೋವೆ 2023ರ ಡಿಸೆಂಬರ್‌ನಲ್ಲಿ 122 ಪೌಂಡ್ ವಿಭಾಗದ ನಾಲ್ಕೂ ಬೆಲ್ಟ್ ಸೇರಿಸಿದರು. 2025ರ ಒಂದೇ ವರ್ಷ ನಾಲ್ಕು ಸಲ ರಿಂಗ್‌ಗೆ ಇಳಿದು ನಾಲ್ಕನ್ನೂ ಉಳಿಸಿಕೊಂಡರು. ವರ್ಷಕ್ಕೆ ಮೂರ್ನಾಲ್ಕು ಪಂದ್ಯ ಆಡುವವನಿಗೆ ಗಡುವುಗಳು ಕತ್ತು ಹಿಸುಕುವುದಿಲ್ಲ. ಪಟ್ಟ ಒಡೆದುಹೋಗುವುದಕ್ಕೆ ಸಂಸ್ಥೆಗಳ ದುರಾಸೆಯಷ್ಟೇ ಕಾರಣ ಎನ್ನುವವರು ದೊಡ್ಡ ತಾರೆಗಳ ಆಡದಿರುವ ಚಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಖಾಲಿಯಾದ ಬೆಲ್ಟ್ ಏನೇನು ಮಾಡಬಲ್ಲದು ಎನ್ನುವುದಕ್ಕೆ 2015-16ರ ಹೆವಿವೇಟ್ ಸರಣಿ ನೋಡಿ. ಫ್ಯೂರಿ ಡ್ಯುಸೆಲ್‌ಡಾರ್ಫ್‌ನಲ್ಲಿ ಚಾಂಪಿಯನ್ ವ್ಲಾದಿಮಿರ್ ಕ್ಲಿಚ್ಕೊರನ್ನು ಸೋಲಿಸಿದ ಎರಡೇ ವಾರದಲ್ಲಿ ಐಬಿಎಫ್ ಪಟ್ಟ ಕಳೆದುಕೊಂಡರು. ಕಾರಣ ಮತ್ತದೇ, ಮರುಪಂದ್ಯದ ಒಪ್ಪಂದ. 2016ರ ಜನವರಿಯಲ್ಲಿ ಆ ಖಾಲಿ ಪಟ್ಟಕ್ಕೆ ಚಾರ್ಲ್ಸ್ ಮಾರ್ಟಿನ್ ಮತ್ತು ವ್ಯಾಚೆಸ್ಲಾವ್ ಗ್ಲಾಜ್ಕೊವ್ ಆಡಿದರು. ಗ್ಲಾಜ್ಕೊವ್ ಮೊಣಕಾಲು ಮೂರನೇ ಸುತ್ತಿನಲ್ಲಿ ಕೈಕೊಟ್ಟಿತು, ಮಾರ್ಟಿನ್ 'ವಿಶ್ವ ಚಾಂಪಿಯನ್' ಆದರು. ಮೂರು ತಿಂಗಳೊಳಗೆ ಲಂಡನ್‌ಗೆ ಬಂದು ಆಂಟನಿ ಜೋಶುವಾ ಕೈಯಲ್ಲಿ ಎರಡನೇ ಸುತ್ತಿನಲ್ಲೇ ಬಿದ್ದರು. ಇಷ್ಟರಲ್ಲಿ ಕ್ಲಿಚ್ಕೊರನ್ನು ಸೋಲಿಸಿದವರು ಫ್ಯೂರಿಯೇ, ಅವರನ್ನು ಸೋಲಿಸಿದವರು ಯಾರೂ ಇಲ್ಲ. ಆದರೂ ಜೋಶುವಾ ಹೆಸರಿನ ಮುಂದೆ ಚಾಂಪಿಯನ್ ಎಂಬ ಪದ ಬಂತು, ಮರುವರ್ಷ ವೆಂಬ್ಲಿಯಲ್ಲಿ ಕ್ಲಿಚ್ಕೊ ವಿರುದ್ಧ ಸುಮಾರು 90,000 ಜನ ಸೇರಿದರು. ಕ್ರೀಡೆಯ ಕಣ್ಣಿಗೆ ಆ ಬೆಲ್ಟ್ ಪೊಳ್ಳು, ವ್ಯಾಪಾರದ ಕಣ್ಣಿಗೆ ಚಿನ್ನ. ಎರಡೂ ಒಟ್ಟಿಗೆ ನಿಜ.

ಶ್ರೇಯಾಂಕ ಪಟ್ಟಿಯ ಮೇಲೆ ನಂಬಿಕೆ ಹೋದರೆ ಇಡೀ ಕಟ್ಟಡ ಅಲುಗುತ್ತದೆ, ಮತ್ತು ಅದು ಅಲುಗಿದ್ದು ಒಂದೆರಡು ಸಲವಲ್ಲ. 2000ದ ಅಕ್ಟೋಬರ್‌ನಲ್ಲಿ ತೀರಿಕೊಂಡ ಡ್ಯಾರಿನ್ ಮಾರಿಸ್ ಎಂಬ ಬಾಕ್ಸರ್ ಅನ್ನು ಡಬ್ಲ್ಯುಬಿಒ 2001ರ ಆರಂಭದಲ್ಲಿ 7ರಿಂದ 5ನೇ ಸ್ಥಾನಕ್ಕೆ ಏರಿಸಿತ್ತು. ಐಬಿಎಫ್ ಸ್ಥಾಪಕ ರಾಬರ್ಟ್ ಲೀ ಶ್ರೇಯಾಂಕಕ್ಕಾಗಿ ಲಂಚ ಪಡೆದ ಆರೋಪದ ಮೇಲೆ ವಿಚಾರಣೆ ಎದುರಿಸಿದರು. ಲಂಚದ ಮುಖ್ಯ ಆರೋಪಗಳಿಂದ ಬಿಡುಗಡೆಯಾದರೂ ಹಣ ಅಕ್ರಮ ವರ್ಗಾವಣೆ ಮತ್ತು ತೆರಿಗೆ ವಂಚನೆಗಾಗಿ 22 ತಿಂಗಳ ಶಿಕ್ಷೆಯಾಯಿತು. ಇನ್ನು 1998ರಲ್ಲಿ ಗ್ರಾಸಿಯಾನೊ ರೊಕ್ಕಿಜಾನಿ ಗೆದ್ದ ಪಟ್ಟವನ್ನು, ಅವರನ್ನು ಚಾಂಪಿಯನ್ ಎಂದು ಬರೆದದ್ದು ಅಚ್ಚಿನ ತಪ್ಪು ಎಂದು ಹೇಳಿ ಡಬ್ಲ್ಯುಬಿಸಿ ಹಿಂದಿನ ಚಾಂಪಿಯನ್ ರಾಯ್ ಜೋನ್ಸ್‌ಗೆ ಮರಳಿಸಿತು. ನ್ಯೂಯಾರ್ಕ್ ನ್ಯಾಯಾಲಯ 3 ಕೋಟಿ ಡಾಲರ್ ಪರಿಹಾರ ಕೊಡಿ ಎಂದಾಗ ಸಂಸ್ಥೆ ದಿವಾಳಿ ಅರ್ಜಿ ಹಾಕಬೇಕಾಯಿತು, ಕೊನೆಗೆ ರಾಜಿಯಾಯಿತು. ನನ್ನ ಲೆಕ್ಕದಲ್ಲಿ ಈ ತೀರ್ಪಿನ ಮಹತ್ವ ದೊಡ್ಡದು. ಪಟ್ಟ ಎನ್ನುವುದು ಸಂಸ್ಥೆ ಕೊಟ್ಟು ಕಸಿಯುವ ಪ್ರಸಾದವಲ್ಲ, ಬಾಕ್ಸರ್ ದುಡಿದು ಗಳಿಸಿದ ಆಸ್ತಿ ಎಂದು ಅಲ್ಲಿ ದುಡ್ಡಿನ ರೂಪದಲ್ಲೇ ದಾಖಲಾಯಿತು.

ಇಂಥ ಹಗರಣಗಳು ಬೆಳಕಿಗೆ ಬರುತ್ತಿದ್ದ ಕಾಲದಲ್ಲೇ, 2000ದಲ್ಲಿ ಅಮೆರಿಕದಲ್ಲಿ ಮುಹಮ್ಮದ್ ಅಲಿ ಹೆಸರಿನ ಬಾಕ್ಸಿಂಗ್ ಸುಧಾರಣಾ ಕಾನೂನು ಬಂತು. ಶ್ರೇಯಾಂಕಕ್ಕೆ ಲಿಖಿತ ಮಾನದಂಡ ಇರಬೇಕು, ಪ್ರೊಮೋಟರ್ ತನ್ನ ಆದಾಯದ ಲೆಕ್ಕವನ್ನು ಬಾಕ್ಸರ್‌ಗೆ ತೋರಿಸಬೇಕು, ಪ್ರೊಮೋಟರ್ ಮತ್ತು ಮ್ಯಾನೇಜರ್ ಒಬ್ಬನೇ ಆಗಿರಬಾರದು ಎಂಬವು ಅದರ ಮುಖ್ಯ ಅಂಶಗಳು. ಪಂದ್ಯ ನಡೆಸುವವನೂ ಪಟ್ಟ ಕೊಡುವವನೂ ಬೇರೆ ಬೇರೆ ಎಂಬ ಗೋಡೆಯ ಮೇಲೆ ಇಡೀ ಕಾನೂನು ನಿಂತಿದೆ.

ಮಿಶ್ರ ಸಮರಕಲೆಯ ಯುಎಫ್‌ಸಿಯಲ್ಲಿ ಆ ಗೋಡೆಯೇ ಇಲ್ಲ. ಪ್ರೊಮೋಟರ್, ಶ್ರೇಯಾಂಕ, ಬೆಲ್ಟ್ ಎಲ್ಲ ಒಂದೇ ಸೂರಿನಡಿ. ನೋಡುವವರಿಗೆ ಇದು ಹಿತ: ಒಂದು ತೂಕಕ್ಕೆ ಒಬ್ಬ ಚಾಂಪಿಯನ್, ಬಲಿಷ್ಠರು ಬಲಿಷ್ಠರೊಂದಿಗೇ ಆಡುತ್ತಾರೆ. ಆಡುವವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಅಲ್ಲಿ ಚಾಂಪಿಯನ್ ಆದರೆ ಒಪ್ಪಂದದ ಅವಧಿ ತಾನಾಗಿಯೇ ಮುಂದಕ್ಕೆ ಎಳೆದುಕೊಳ್ಳುವ ಷರತ್ತು ಪ್ರಸಿದ್ಧ. ಗೆಲುವು ಬಾಗಿಲು ತೆರೆಯುವ ಬದಲು ಚಿಲಕ ಹಾಕುತ್ತದೆ. ಫ್ರಾನ್ಸಿಸ್ ಎನ್‌ಗನ್ನು 2022ರ ಜನವರಿಯಲ್ಲಿ ಹೆವಿವೇಟ್ ಪಟ್ಟ ಉಳಿಸಿಕೊಂಡಾಗ ಬಹಿರಂಗವಾದ ಸಂಭಾವನೆ 6 ಲಕ್ಷ ಡಾಲರ್. ಒಪ್ಪಂದದ ಮಾತುಕತೆ ಫಲಿಸದೆ 2023ರ ಜನವರಿಯಲ್ಲಿ ಯುಎಫ್‌ಸಿ ಅವರನ್ನು ಬಿಡುಗಡೆ ಮಾಡಿ ಪಟ್ಟ ತೆರವು ಮಾಡಿತು. ಅದೇ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ, ಒಂದೂ ಬೆಲ್ಟ್ ಪಣಕ್ಕಿಲ್ಲದ ಬಾಕ್ಸಿಂಗ್ ಪಂದ್ಯದಲ್ಲಿ ಫ್ಯೂರಿ ಎದುರು ಸೋತರೂ, ಅವರಿಗೆ ಅದಕ್ಕಿಂತ ಹಲವು ಪಟ್ಟು ಹೆಚ್ಚು ಹಣ ಬಂತು. ಒಂದು ರಾತ್ರಿಯ ಮಾರುಕಟ್ಟೆ ಬೆಲೆ ಇಡೀ ಪಟ್ಟದ ಬೆಲೆಯನ್ನು ಮೀರಿಸಿತು.

ಯುಎಫ್‌ಸಿ ಬೆಲ್ಟ್ ಹಣವಾಗುತ್ತಿದ್ದದ್ದು ಮುಖ್ಯವಾಗಿ ಪೇ-ಪರ್-ವ್ಯೂ ಪಾಲಿನ ಮೂಲಕ. ಇಂತಿಷ್ಟು ಲಕ್ಷ ಮನೆಗಳು ದುಡ್ಡು ಕೊಟ್ಟು ನೋಡಿದರೆ ಚಾಂಪಿಯನ್‌ಗೆ ಮನೆಯೊಂದಕ್ಕೆ ಇಂತಿಷ್ಟು ಡಾಲರ್ ಎಂಬ ಲೆಕ್ಕ. ಉಡುಪು ಪ್ರಾಯೋಜಕತ್ವದ ದರಪಟ್ಟಿಯಲ್ಲೂ ಚಾಂಪಿಯನ್‌ಗೆ ಪಂದ್ಯಕ್ಕೆ 42,000, ಸವಾಲುಗಾರನಿಗೆ 32,000, ಹೊಸಬನಿಗೆ 4,000 ಡಾಲರ್ ಎಂಬ ಅಂತರವಿತ್ತು. 2025ರ ಆಗಸ್ಟ್‌ನಲ್ಲಿ ಮಾಧ್ಯಮ ಕಂಪನಿ ಪ್ಯಾರಮೌಂಟ್ ಜತೆ ಏಳು ವರ್ಷಕ್ಕೆ 770 ಕೋಟಿ ಡಾಲರ್‌ನ ಪ್ರಸಾರ ಒಪ್ಪಂದವಾಯಿತು, 2026ರಿಂದ ಯುಎಫ್‌ಸಿ ಅಮೆರಿಕದಲ್ಲಿ ಪೇ-ಪರ್-ವ್ಯೂ ಪದ್ಧತಿಯನ್ನೇ ಕೈಬಿಟ್ಟಿತು. ಪಾಲು ಎಣಿಸಲು ಮನೆಗಳೇ ಇಲ್ಲದಿದ್ದಾಗ ಚಾಂಪಿಯನ್‌ನ ಹೆಚ್ಚುವರಿ ಗಳಿಕೆ ಏನಿದ್ದರೂ ಮಾತುಕತೆಯ ಮೇಜಿನಲ್ಲೇ ತೀರ್ಮಾನವಾಗಬೇಕು. ಅಲ್ಲಿ ಕಂಪನಿಯ ಕೈ ಮೇಲು. ಯುಎಫ್‌ಸಿ ವಿರುದ್ಧದ ಏಕಸ್ವಾಮ್ಯ ಮೊಕದ್ದಮೆ 37.5 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ಆ ಮೊಕದ್ದಮೆಯಲ್ಲಿ ಹೊರಬಿದ್ದ ದಾಖಲೆಗಳ ಪ್ರಕಾರ ಆಟಗಾರರ ಪಾಲು ಆದಾಯದ ಐದನೇ ಒಂದರ ಆಸುಪಾಸಿನಲ್ಲಿತ್ತು.

ಈಗ ಆ ಮಾದರಿ ಬಾಕ್ಸಿಂಗ್ ಬಾಗಿಲಿಗೂ ಬಂದಿದೆ. ಯುಎಫ್‌ಸಿಯ ಮಾತೃ ಸಂಸ್ಥೆ ಟಿಕೆಒ, ಸೌದಿ ಅರೇಬಿಯಾದ ಸೆಲಾ ಎಂಬ ಕಂಪನಿ ಜತೆ ಸೇರಿ ಜುಫಾ ಬಾಕ್ಸಿಂಗ್ ಶುರುಮಾಡಿದೆ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾದ ಮಸೂದೆಯೊಂದು, ಅಲಿ ಕಾನೂನಿನ ಪಕ್ಕದಲ್ಲೇ 'ಏಕೀಕೃತ ಬಾಕ್ಸಿಂಗ್ ಸಂಸ್ಥೆ' ಎಂಬ ಹೊಸ ವರ್ಗಕ್ಕೆ ಅವಕಾಶ ಕೊಡುತ್ತದೆ. ಇಂಥ ಸಂಸ್ಥೆ ಪಂದ್ಯವನ್ನೂ ನಡೆಸಬಹುದು, ಶ್ರೇಯಾಂಕವನ್ನೂ ಇಡಬಹುದು, ತನ್ನದೇ ಬೆಲ್ಟನ್ನೂ ಕೊಡಬಹುದು. ಬದಲಿಗೆ ಪ್ರತಿ ಸುತ್ತಿಗೆ ಕನಿಷ್ಠ ಸಂಭಾವನೆ ಮತ್ತು ವೈದ್ಯಕೀಯ ವಿಮೆಯ ಭರವಸೆ ಕೊಡಬೇಕು. ನಾಲ್ಕು ಸುತ್ತಿನ ಪಂದ್ಯಕ್ಕೆ ಪುಡಿಗಾಸು ಪಡೆಯುವ ಹುಡುಗರಿಗೆ ಈ ಭರವಸೆ ಸಣ್ಣದಲ್ಲ. ಆದರೆ ಸರದಿಯಲ್ಲಿ ಮೊದಲು ನಿಂತವನಿಗೆ ಪಂದ್ಯ ಕೊಡಲೇಬೇಕೆಂದು ಪ್ರೊಮೋಟರ್‌ಗೆ ಹೊರಗಿನಿಂದ ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಡಿಲಿಯನ್ ವೈಟ್‌ಗೆ ಸಿಕ್ಕಂಥ ಲಕೋಟೆ ಅಲ್ಲಿ ತೆರೆಯುವುದೇ ಇಲ್ಲ.

ಭಾರತದ ಓದುಗರಿಗೆ ಈ ಲೆಕ್ಕ ಇನ್ನೊಂದು ಕಾರಣಕ್ಕೆ ಬೇಕು. 'ವಿಶ್ವ ಚಾಂಪಿಯನ್' ಎಂಬ ಶೀರ್ಷಿಕೆ ನಮ್ಮ ಪತ್ರಿಕೆಗಳಲ್ಲಿ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಕರಾಟೆ ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಬೀಳುತ್ತದೆ. ಮೊದಲು ಸಂಸ್ಥೆಯ ಹೆಸರು ನೋಡಬೇಕು: ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮೇಲಿನ ನಾಲ್ಕರ ಹೊರಗೂ 'ವರ್ಲ್ಡ್' ಎಂದು ಹೆಸರಿಟ್ಟುಕೊಂಡ ಹಲವು ಸಂಸ್ಥೆಗಳಿವೆ. ಆಮೇಲೆ ಬೆಲ್ಟ್ ಹಿಂದುಮುಂದಿನ ವಿಶೇಷಣ. 2016ರ ಜುಲೈನಲ್ಲಿ ದೆಹಲಿಯಲ್ಲಿ ವಿಜೇಂದರ್ ಸಿಂಗ್ ಕೆರ್ರಿ ಹೋಪ್ ವಿರುದ್ಧ ಗೆದ್ದದ್ದು ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಪಟ್ಟ. ಅದು ವಿಶ್ವ ಪಟ್ಟವಲ್ಲ, ಆದರೆ ವ್ಯರ್ಥವೂ ಅಲ್ಲ. ಇಂಥ ಪ್ರಾದೇಶಿಕ ಬೆಲ್ಟ್‌ಗಳು ಸಂಸ್ಥೆಯ ಮೊದಲ 15ರೊಳಗೆ ನುಗ್ಗುವ ಮೆಟ್ಟಿಲು, ವಿಶ್ವ ಪಟ್ಟಕ್ಕೆ ಆಡಲು ಆ ಪಟ್ಟಿಯಲ್ಲಿರುವುದು ಅಗತ್ಯ. ಸುತ್ತುಗಳ ಸಂಖ್ಯೆಯೂ ಸುಳಿವು ಕೊಡುತ್ತದೆ. ಪುರುಷರ ವಿಶ್ವ ಪಟ್ಟದ ಪಂದ್ಯ 12 ಸುತ್ತು, ಹೋಪ್ ವಿರುದ್ಧದ್ದು 10. ಕೊನೆಗೆ, ಹಿಂದಿನ ಚಾಂಪಿಯನ್ ರಿಂಗ್‌ನಲ್ಲಿ ಸೋತನೋ, ಇಲ್ಲ ಪಟ್ಟ ತೆರವಾಗಿತ್ತೋ ಎಂಬುದನ್ನು ಕೇಳಬೇಕು. ತೆರವಾಗಿದ್ದರೆ ಎದುರಾಳಿಯ ಶ್ರೇಯಾಂಕ ಎಷ್ಟಿತ್ತು ಎಂದು ಹುಡುಕಿ.

ಹವ್ಯಾಸಿ ಬಾಕ್ಸಿಂಗ್‌ನಲ್ಲೂ ಈಗ ಎರಡು ಮನೆ. ಹವ್ಯಾಸಿ ಬಾಕ್ಸಿಂಗ್‌ನ ಹಳೆಯ ವಿಶ್ವ ಸಂಸ್ಥೆಯಾದ ಐಬಿಎ ಮಾನ್ಯತೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2023ರ ಜೂನ್‌ನಲ್ಲಿ ಹಿಂಪಡೆಯಿತು. ಹೊಸ ಸಂಸ್ಥೆ ವರ್ಲ್ಡ್ ಬಾಕ್ಸಿಂಗ್‌ಗೆ 2025ರ ಫೆಬ್ರವರಿಯಲ್ಲಿ ತಾತ್ಕಾಲಿಕ ಮಾನ್ಯತೆ ಸಿಕ್ಕಿತು, ಭಾರತ ಅದರ ಸದಸ್ಯ. 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಜೈಸ್ಮಿನ್ ಲಂಬೋರಿಯಾ ಮತ್ತು ಮೀನಾಕ್ಷಿ ಹೂಡಾ ಚಿನ್ನ ಗೆದ್ದದ್ದು ಈ ಹೊಸ ಸಂಸ್ಥೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಐಬಿಎ ಕೂಡ ಅದೇ ವರ್ಷ ತನ್ನದೇ ಪುರುಷರ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು, ಬಹುಮಾನದ ಹಣವನ್ನೂ ಧಾರಾಳವಾಗಿ ಕೊಡುತ್ತದೆ. ಆದರೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಕಡೆಗೆ ಹೋಗುವ ದಾರಿ ಅದರ ಪದಕದಲ್ಲಿಲ್ಲ. ಮಗಳನ್ನೋ ಮಗನನ್ನೋ ಹವ್ಯಾಸಿ ಬಾಕ್ಸಿಂಗ್‌ಗೆ ತಯಾರು ಮಾಡುತ್ತಿರುವ ಮನೆಯವರು ಯಾವ ಟೂರ್ನಿಗೆ ಖರ್ಚು ಮಾಡಬೇಕು ಎಂದು ತೀರ್ಮಾನಿಸುವ ಮೊದಲು ಇದನ್ನೇ ವಿಚಾರಿಸಬೇಕು: ಇಲ್ಲಿ ಗೆದ್ದರೆ ಮುಂದಿನ ಯಾವ ಪಂದ್ಯಕ್ಕೆ ಹಕ್ಕು ಸಿಗುತ್ತದೆ, ಆ ಹಕ್ಕನ್ನು ಕೊಡಿಸುವವರು ಯಾರು.